ಅತ್ತೆ ಬೈಯದ ಎರಡು ದಿವಸ

ಕ್ಯಾಶುವಾಲ್ಟಿಯಲ್ಲಿ ಕೂಗಾಡುವ ರೋಗಿಯೆಂದರೆ ಹೆದರಿಕೆ, ತೆಪ್ಪಗೆ ಮಲಗಿರುವ ರೋಗಿಯೆಂದರೆ ಪ್ರೀತಿ. ನರ್ಸುಗಳ ಈ ಒಳಗುಟ್ಟನ್ನು ಹೊರಗೆ ಹೇಳಬಾರದು. ಆದರೆ ನಾನೀಗ ನಿವೃತ್ತಳು, ನನ್ನ ರಜೆ ಕತ್ತರಿಸುವವರು ಯಾರೂ ಇಲ್ಲ. ಕುಡಿದು ಬಂದವನೊಬ್ಬ ಸಲೈನ್ ಸ್ಟ್ಯಾಂಡನ್ನೇ ಎತ್ತಿಕೊಂಡು ಬಾಗಿಲ ಕಡೆ ನಡೆದರೆ ನಾಲ್ಕು ಜನ ಬೆನ್ನಟ್ಟುತ್ತಿದ್ದೆವು. ಅದೇ ಹೊತ್ತಿಗೆ ಮೂಲೆಯ ಮಂಚದ ಅಜ್ಜಿ ಕೈಮುಗಿದು "ನಿಮ್ಗೆ ಪುಣ್ಯ ಬರ್ಲಿ" ಎಂದರೆ, ಎಷ್ಟು ಒಳ್ಳೆಯ ಅಜ್ಜಿ ಎಂದುಕೊಂಡು ಮುಂದಿನ ಮಂಚಕ್ಕೆ ಹೋಗುತ್ತಿದ್ದೆವು. ಒಳ್ಳೆಯ ಅಜ್ಜಿಯರನ್ನು ಕಂಡರೆ ನನಗೆ ಭಯ ಹುಟ್ಟಿದ್ದು ಒಂದು ಬೇಸಿಗೆಯ ಬೆಳಿಗ್ಗೆ. ಅದಕ್ಕೆ ಕಾರಣ ನನ್ನದೇ ತಪ್ಪು.

ಎರಡು ಸಾವಿರದ ಇಸವಿಯ ಆಚೆಯ ಮೊದಲ ವರ್ಷಗಳು ಅವು. ಮೊಬೈಲು ಇನ್ನೂ ದೊಡ್ಡ ಡಾಕ್ಟರ ಸೊಂಟದಲ್ಲಷ್ಟೇ ಇತ್ತು. ನಾನು ಅಂಕೋಲೆಯವಳು, ಕೆಲಸ ಕಾರವಾರದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಅವರ್ಸಾ, ತೋಡೂರು, ಬಿಣಗಾ ಎಂದು ಊರುಗಳನ್ನು ಎಣಿಸುತ್ತ ಬಂದು, ಟೊಪ್ಪಿಗೆಗೆ ಪಿನ್ನು ಹಾಕಿಕೊಂಡು ಕ್ಯಾಶುವಾಲ್ಟಿಗೆ ನಿಂತೆನೆಂದರೆ ಆ ಕೋಣೆ ನನ್ನದು. ಡಾಕ್ಟರುಗಳು ಬರುತ್ತಿದ್ದರು, ಹೋಗುತ್ತಿದ್ದರು. ನಾನು ಮಾತ್ರ ಅಲ್ಲೇ ಇರುತ್ತಿದ್ದೆ. ಹೊರಗಿನಿಂದ ಬಂದ ಎಳೆಯ ಡಾಕ್ಟರಿಗೆ ನಮ್ಮ ಸೀಮೆಯ ಜನರ ಅರ್ಥ ಬಿಡಿಸಿ ಹೇಳುವ ಕೆಲಸವನ್ನು ನನಗೆ ಯಾರೂ ಕೊಟ್ಟಿರಲಿಲ್ಲ. ನಾನೇ ತೆಗೆದುಕೊಂಡಿದ್ದೆ. ಕಿನ್ನರ ಊರಿನವರು ನೋವನ್ನು ಹೇಗೆ ಹೇಳುತ್ತಾರೆ, ಕದ್ರಾ ಕಡೆಯವರು ಜ್ವರ ಬಂದ ಎಷ್ಟನೆಯ ದಿನಕ್ಕೆ ಆಸ್ಪತ್ರೆ ಮೆಟ್ಟಿಲು ಹತ್ತುತ್ತಾರೆ, ಎಲ್ಲ ನನಗೆ ಗೊತ್ತು ಎಂಬ ಜಂಬ ನನ್ನದು. ಜಂಬ ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ಆಗ ನಮ್ಮಲ್ಲಿದ್ದ ಡ್ಯೂಟಿ ಡಾಕ್ಟರು ಧಾರವಾಡದ ಕಡೆಯ ಹುಡುಗ. ಕಾಲೇಜಿನಿಂದ ಆಗ ತಾನೇ ಬಂದವನು, ಮೀಸೆಯೂ ಪೂರ್ತಿ ಬಂದಿರಲಿಲ್ಲ. ಬಹಳ ಒಳ್ಳೆಯ ಹುಡುಗ, ಸೆಕೆಗೆ ಮಾತ್ರ ಬೆಂದು ಹೋಗಿದ್ದ. ಅವನಿಗೆ ಊರಿನ ಪಾಠ ಹೇಳಿಕೊಡುವುದೆಂದರೆ ನನಗೆ ಬಲು ಹಿಗ್ಗು.

ಆ ಬೆಳಿಗ್ಗೆ ಹತ್ತರ ಸುಮಾರಿಗೆ ತೋಡೂರಿನಿಂದ ಒಂದು ಟೆಂಪೋ ಬಂತು. ಮಗ ಮತ್ತು ಸೊಸೆ ಸೇರಿ ಮುದುಕಿಯೊಬ್ಬಳನ್ನು ಇಳಿಸಿದರು. ಮುಖ ನೋಡಿದವಳೇ ನಾನು ದಂಗಾದೆ. ಈ ಮುದುಕಿಯನ್ನು ಕಾರವಾರದ ಭಾನುವಾರದ ಸಂತೆಗೆ ಹೋದವರೆಲ್ಲ ಬಲ್ಲರು. ಬಾಳೆ ಎಲೆಯ ಮೇಲೆ ಅಬ್ಬಲಿಗೆ ಹೂವಿನ ದಂಡೆ ಸುರುಳಿ ಮಾಡಿಟ್ಟುಕೊಂಡು ಕೂರುತ್ತಿದ್ದಳು. ಕೈ ಹೂ ಕಟ್ಟುತ್ತಿದ್ದರೆ ಬಾಯಿ ಬೈಯುತ್ತಿತ್ತು. ದನ ಬಂದರೆ ದನಕ್ಕೆ, ಗಿರಾಕಿ ಬಂದರೆ ಗಿರಾಕಿಗೆ, ಯಾರೂ ಬರದಿದ್ದರೆ ಬಿಸಿಲಿಗೆ ಬೈಗಳು. ಒಮ್ಮೆ ನಾನು "ಮೊಳ ಸಣ್ಣದಾಯ್ತಲ್ಲ ಅಜ್ಜಿ" ಎಂದದ್ದಕ್ಕೆ, ನನ್ನ ಕೈಯನ್ನೇ ಎಳೆದು ತನ್ನ ಮೊಳದ ಪಕ್ಕ ಹಿಡಿದು, "ನನ್ನ ಕೈ ಸಣ್ಣದಲ್ಲ ತಂಗೀ, ನಿನ್ನ ಆಸೆ ಉದ್ದ" ಎಂದಿದ್ದಳು. ಅಕ್ಕಪಕ್ಕದ ತರಕಾರಿಯವರೆಲ್ಲ ನಕ್ಕಿದ್ದರು. ಆ ಮೇಲೆ ನಾನು ಬೇರೆಯವರ ಹತ್ತಿರ ಹೂ ಕೊಂಡದ್ದೇ ಇಲ್ಲ. ಬೈಸಿಕೊಂಡು ತಂದ ಹೂವಿಗೆ ಪರಿಮಳ ಹೆಚ್ಚು. ಅಬ್ಬಲಿಗೆಗೆ ಪರಿಮಳವೇ ಇಲ್ಲ ಎನ್ನುವವರು ಅವಳ ಹತ್ತಿರ ಕೊಂಡಿಲ್ಲ.

ಅಂಥ ಮುದುಕಿ ಮಂಚದ ಮೇಲೆ ಮಲಗಿ ನನ್ನನ್ನು ನೋಡಿ ಕೈಮುಗಿದಳು.

"ಬನ್ನಿ, ಕೂತ್ಕಳ್ಳಿ. ಚಾ ಕುಡೀರಿ" ಎಂದಳು. ನನಗೆ, ಅವಳು, ಬಹುವಚನ.

"ಎಂತಾ ಆಯ್ತು?" ಎಂದು ಮಗನನ್ನು ಕೇಳಿದೆ. ಅವನು ಕಚೇರಿಯೊಂದರಲ್ಲಿ ಗುಮಾಸ್ತ, ಮೆತ್ತನೆಯ ಮನುಷ್ಯ. "ಎರಡು ದಿವ್ಸಾಯ್ತು ಸಿಸ್ಟರ್, ಅವ್ವಿ ಸರಿ ಉಣ್ಣೂದಿಲ್ಲ. ಸುಸ್ತು ಅಂತ ಮಲಗಿಕಂಡೇ ಅದೆ. ಒಂದು ಬಾಟ್ಲಿ ಹಾಕಿದ್ರೆ ಸರಿ ಆಗ್ತದೇನ ಅಂತ ಕರ್ಕಂಡು ಬಂದೆ" ಎಂದ. ಬಾಟ್ಲಿ ಎಂದರೆ ಗ್ಲೂಕೋಸು. ನಮ್ಮ ಕಡೆ ಯಾವ ರೋಗಕ್ಕೂ ಅದೊಂದು ಬಾಟ್ಲಿ ಏರಿಸಿದರೆ ಆಸ್ಪತ್ರೆಗೆ ಬಂದದ್ದು ಸಾರ್ಥಕ.

ಡಾಕ್ಟರು ಬಂದು ನೋಡಿದರು. ಜ್ವರ ಇಲ್ಲ. ಬಿಪಿ ತೀರ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಬೆರಳು ಚುಚ್ಚಿ ಸಕ್ಕರೆ ನೋಡಿದೆ, ಸರಿ ಇತ್ತು. ಎದೆಯಲ್ಲಿ ಕಫದ ಸದ್ದಿಲ್ಲ. ಕೈಕಾಲು ಎತ್ತಲು ಹೇಳಿದರೆ ಎತ್ತಿದಳು. ಆಮೇಲೆ ಡಾಕ್ಟರು ಬಗ್ಗಿ, "ಅಜ್ಜಿ, ಈಗ ನೀವು ಎಲ್ಲಿ ಅದೀರಿ ಹೇಳ್ರಿ ನೋಡೋಣ?" ಎಂದು ಕೇಳಿದರು.

"ಎಲ್ಲಿ ಅಂದ್ರೆ? ನಮ್ಮನೆ ಜಗಲಿ ಮೇಲೆ" ಎಂದಳು ಮುದುಕಿ. ದನಿ ಬಹಳ ಮೆದುವಾಗಿತ್ತು. "ಹಿಂದೆ ಬಾವಿ ಹತ್ರ ಎಮ್ಮೆ ಬಿಚ್ಚಿಕಂಡದೆ. ಯಾರಾದ್ರೂ ಕಟ್ಟಿ ಬರ್ರಿ, ಪುಣ್ಯ ಬರ್ತದೆ."

ಡಾಕ್ಟರು ಹುಬ್ಬೇರಿಸಿ ನನ್ನ ಮುಖ ನೋಡಿದರು. ಮಗನ ಕಣ್ಣಲ್ಲಿ ನೀರು ಬಂತು. "ಹಳೇ ಮನೆ ಡಾಕ್ಟ್ರೇ" ಎಂದ. "ನೌಕಾನೆಲೆಗೆ ನಮ್ಮ ಊರು ಹೋಯ್ತಲ್ಲ. ತೋಡೂರು ಕಾಲೊನಿಗೆ ಬಂದ್ಮೇಲೂ ಅವ್ವಿ ಅಲ್ಲೇ ಅದೆ. ಬಾಯಿ ತೆಗೆದ್ರೆ ಅದೇ ಮನೆ, ಅದೇ ಬಾವಿ."

ಇಷ್ಟು ಸಾಕಾಯಿತು ನನಗೆ. ಡಾಕ್ಟರನ್ನು ಪಕ್ಕಕ್ಕೆ ಕರೆದು ಪಾಠ ಶುರು ಮಾಡಿದೆ. ಈ ಜನ ಹೇಗೆ ಸಮುದ್ರದ ದಂಡೆಯ ಊರುಗಳನ್ನು ಬಿಟ್ಟು ಬಂದರು, ಬರುವಾಗ ಬಾಗಿಲ ಚೌಕಟ್ಟನ್ನೂ ಕಿತ್ತು ಲಾರಿಗೆ ಹೇರಿದರು, ಹೊಸ ಮನೆಯಲ್ಲಿ ಕೂತು ಹಳೆಯ ಮನೆಯ ಮಾತಾಡುವುದು ಅವರಿಗೆ ಊಟದಷ್ಟೇ ಸಹಜ, ಎಲ್ಲ ಹೇಳಿದೆ. "ನೀವು ಹೊರಗಿನವರು, ನಿಮಗೆ ಇದು ಭ್ರಮೆ ಅಂತ ಕಾಣ್ತದೆ ಡಾಕ್ಟ್ರೇ. ಇದು ಭ್ರಮೆ ಅಲ್ಲ, ಊರಿನ ನೆನಪು" ಎಂದೆ. ಪಾಪ, ಅವರು ತಲೆಯಾಡಿಸಿದರು.

ಇನ್ನೂ ಒಂದಿತ್ತು. ಮುದುಕಿಯ ಎರಡೂ ಕೈ ಬೆರಳುಗಳು ಹೊದಿಕೆಯನ್ನು ಹೆಕ್ಕುತ್ತಿದ್ದವು. ಹೆಕ್ಕುವುದು, ಎಳೆಯುವುದು, ಮತ್ತೆ ಹೆಕ್ಕುವುದು. ಡಾಕ್ಟರು ಅದನ್ನೂ ಕೇಳಿದರು. ನಾನು ಮತ್ತು ಮಗ ಇಬ್ಬರೂ ಒಟ್ಟಿಗೇ "ಹೂ ಕಟ್ಟೂ ಕೈ" ಎಂದೆವು. ಅರವತ್ತು ವರ್ಷ ದಂಡೆ ಕಟ್ಟಿದ ಬೆರಳು, ಸುಮ್ಮನಿರು ಎಂದರೆ ಇರುತ್ತದೆಯೇ? ಆಯಾ ಕೂಡ ಬಂದು ನೋಡಿ ಕೆನ್ನೆಗೆ ಕೈ ಹಚ್ಚಿ, "ದೇವಾ, ನಿದ್ದೆಯಲ್ಲೂ ಕಟ್ತಾಳೆ" ಎಂದಳು. ಆಯಾಳನ್ನು ಕಾರವಾರದಲ್ಲಿ ನಾವೆಲ್ಲ ಮಾವಶಿ ಎಂದು ಕರೆಯುತ್ತಿದ್ದೆವು.

ಹೀಗೆ ಊರಿನವರೆಲ್ಲ ಸೇರಿ ಹೊರಗಿನ ಡಾಕ್ಟರ ಬಾಯಿ ಮುಚ್ಚಿಸಿದೆವು. ಅವರು ಚೀಟಿಯಲ್ಲಿ ವಯಸ್ಸು, ಸುಸ್ತು ಎಂದು ಬರೆದು, ಒಂದು ಬಾಟ್ಲಿ ಗ್ಲೂಕೋಸು ಏರಿಸಿ ಸಂಜೆ ಮನೆಗೆ ಕಳಿಸಿ ಎಂದರು. ಮಗನ ಮುಖ ಅರಳಿತು. ನಾನು ಬಾಟ್ಲಿ ತಂದು ಸ್ಟ್ಯಾಂಡಿಗೆ ತೂಗು ಹಾಕಿ, ಮುದುಕಿಯ ಕೈಯಲ್ಲಿ ನರ ಹುಡುಕತೊಡಗಿದೆ.

ಆಗ ಕಣ್ಣು ತೆರೆದು ನನ್ನನ್ನು ದಿಟ್ಟಿಸಿದಳು. "ನೀ ಅಂಕೋಲೆ ಹುಡುಗಿ ಅಲ್ಲವಾ?" ಎಂದಳು. "ನೋಡಿ, ಗುರ್ತ ಹಿಡಿದ್ರು!" ಎಂದು ನಾನು ಹಿಗ್ಗಿನಿಂದ ಎಲ್ಲರ ಕಡೆ ತಿರುಗಿದೆ. ಮತ್ತೆ ಇತ್ತ ತಿರುಗುವಷ್ಟರಲ್ಲಿ ಮುದುಕಿ ಗೋಡೆಯ ಕಡೆ ನೋಡುತ್ತ ಯಾರಿಗೋ ಕೈಮುಗಿಯುತ್ತಿದ್ದಳು.

ಅಲ್ಲಿಯವರೆಗೂ ಸೊಸೆ ಒಂದು ಮಾತಾಡಿರಲಿಲ್ಲ. ಬಾಗಿಲ ಹತ್ತಿರ ಚೀಲ ಹಿಡಿದು ನಿಂತಿದ್ದಳು. ನಲವತ್ತೈದರ ಸುಮಾರಿನ ಹೆಂಗಸು, ಸೆರಗನ್ನು ಗಟ್ಟಿಯಾಗಿ ಸಿಕ್ಕಿಸಿಕೊಂಡಿದ್ದಳು. ಈಗ ಎರಡು ಹೆಜ್ಜೆ ಮುಂದೆ ಬಂದು, ಗಂಡನನ್ನು ಬಿಟ್ಟು ನನ್ನ ಹತ್ತಿರ ಹೇಳಿದಳು.

"ಸಿಸ್ಟರ್, ಅತ್ತೆ ನಂಗೆ ಬೈಯದೆ ಎರಡು ದಿವ್ಸ ಆಯ್ತು."

ನಾನು ನಕ್ಕುಬಿಟ್ಟೆ. ಮಾವಶಿ ನಕ್ಕಳು, ಡಾಕ್ಟರು ನಕ್ಕರು, ಗಂಡನೂ ಕಣ್ಣೊರೆಸಿಕೊಂಡು ನಕ್ಕ. "ಹಂಗಾದ್ರೆ ಇನ್ನೆರಡು ದಿವ್ಸ ಇಲ್ಲೇ ಇಟ್ಕಂಬಾ, ನೀ ಆರಾಮ ಮನೆಗೆ ಹೋಗು ಮಾರಾಯ್ತಿ" ಎಂದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆಯನ್ನೂ ಹೇಳಿದೆನೇನೋ. ಅವಳು ನಗಲಿಲ್ಲ.

"ನಿಮ್ಗೆ ನಗೆ ಬರ್ತದೆ" ಎಂದಳು. "ಇಪ್ಪತ್ತೆರಡು ವರ್ಷ ಆಯ್ತು ನಾ ಈ ಮನೆಗೆ ಬಂದು. ಬಾಣಂತಿ ಇದ್ದಾಗ ಬೈದಾರೆ. ಜ್ವರ ಬಂದು ತಾವೇ ಮಲಗಿದ್ದಾಗ ಬೈದಾರೆ. ಮಾವ ತೀರಿದ ದಿವ್ಸ, ಹೆಣ ಅಂಗಳದಲ್ಲಿ ಇರೋವಾಗ, ದೀಪಕ್ಕೆ ಎಣ್ಣೆ ಕಮ್ಮಿ ಹಾಕಿದೆ ಅಂತ ಬೈದಾರೆ. ನಿನ್ನೆ ಗಂಜಿ ಕೊಟ್ರೆ ನಂಗೆ ಕೈಮುಗಿದು 'ನಿಮ್ದು ಯಾವ ಊರು' ಅಂತ ಕೇಳಿದ್ರು."

ಯಾರ ಬಾಯಲ್ಲೂ ನಗು ಉಳಿಯಲಿಲ್ಲ.

"ಮತ್ತೆ ಆ ಬಾವಿ" ಎಂದು ಮುಂದುವರಿಸಿದಳು. "ಹಿಂದೆ ಅದೆ ಅಂದ್ರಲ್ಲ. ಹಳೇ ಮನೆ ಬಾವಿ ಹಿಂದೆ ಇರಲಿಲ್ಲ, ಮುಂದೆ ಇತ್ತು, ಅಂಗಳದ ಮೂಡ ಬದಿಗೆ. ಆ ಮನೆಯ ಒಂದೊಂದು ಹಂಚಿನ ಲೆಕ್ಕ ಅತ್ತೆಗೆ ಬಾಯಿಪಾಠ. ನಾ ಒಂದ್ಸಲ ಬೇಲಿ ದಾಟೂ ದಣಪೆ ಯಾವ ಬದಿಗಿತ್ತು ಅಂತ ತಪ್ಪು ಹೇಳಿದ್ದಕ್ಕೆ ಮೂರು ದಿವ್ಸ ಮಾತು ಬಿಟ್ಟಿದ್ರು. ಅವ್ರು ತಪ್ಪು ಹೇಳೂದಿಲ್ಲ. ಇದು ನೆನಪಲ್ಲ ಸಿಸ್ಟರ್. ಬೇರೆ ಎಂತದೋ ಆಗದೆ."

ಕೈಯಲ್ಲಿ ಸೂಜಿ ಇತ್ತು, ಅದನ್ನು ಟ್ರೇಯಲ್ಲಿಟ್ಟೆ. ನಾನು ನೆನಪು ಎಂದು ಡಾಕ್ಟರಿಗೆ ಅಷ್ಟು ಚಂದ ಪಾಠ ಮಾಡಿದ್ದೆನಲ್ಲ! ಈ ಊರಿನ ಮುದುಕಿಯರು ಹಳೆಯ ಮನೆಯನ್ನು ನೆನೆಯುತ್ತಾರೆ, ನಿಜ. ಆದರೆ ನೆನೆಯುವವರಿಗೆ ತಾವು ಕೂತಿರುವುದು ಹೊಸ ಮನೆಯಲ್ಲಿ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿರುವುದರಿಂದಲೇ ಅವರು ಬೈಯುವುದು. ಇವಳು ಬೈಯುತ್ತಿರಲಿಲ್ಲ, ಅಲ್ಲಿಯೇ ಇದ್ದಳು.

"ಹೂ ಕಟ್ಟೂದು?" ಎಂದೆ, ಕೊನೆಯ ಆಸೆಯಿಂದ.

ಸೊಸೆ ಅತ್ತೆಯ ಬೆರಳುಗಳನ್ನು ನೋಡಿ ತಲೆಯಲ್ಲಾಡಿಸಿದಳು. "ಇದು ಕಟ್ಟೂದಲ್ಲ. ಗಂಟು ಎಲ್ಲಿ ಅದೆ?"

ನಾನು ಮಾವಶಿಯ ತಲೆಗೆ ಕೈ ಹಾಕಿದೆ. ಅವಳ ತುರುಬಿನಲ್ಲಿ ಆ ದಿನದ ಅಬ್ಬಲಿಗೆ ದಂಡೆ ಇತ್ತು. ಅವಳು ಕೂಗಿಕೊಂಡಳು, ನಾನು ಕೇಳಲಿಲ್ಲ. ಅರ್ಧ ದಂಡೆ ಬಿಚ್ಚಿ, ಹೂಗಳನ್ನು ಮುದುಕಿಯ ಮಡಿಲಿಗೆ ಸುರಿದು, ಬಾಳೆನಾರನ್ನು ಕೈಗೆ ಕೊಟ್ಟೆ. "ಅಜ್ಜಿ, ನಂಗೊಂದು ಗೇಣು ಕಟ್ಟಿ ಕೊಡಿ."

ಮುದುಕಿ ಎರಡು ಹೂ ಎತ್ತಿದಳು. ನಾರನ್ನು ಹಿಡಿದಳು. ನೋಡುತ್ತಿದ್ದಂತೆ ನಾರು ಜಾರಿತು. ಮತ್ತೆ ಕೊಟ್ಟೆ. ಒಂದು ಹೂವನ್ನು ಇಟ್ಟು, ಅದರ ಮೇಲೆ ನಾರು ಸುತ್ತುವುದರೊಳಗೆ ಕಣ್ಣು ಕಿಟಕಿಯ ಕಡೆ ಹೋಯಿತು, ಕೈ ಮರೆಯಿತು. ಮೂರನೆಯ ಸಲ ಹೂವನ್ನೇ ಹೆಕ್ಕಿ ಹೆಕ್ಕಿ ಎಸಳು ಮಾಡಿ ಚಾದರದ ಮೇಲೆ ಉದುರಿಸಿದಳು. ಬಸ್ಸಿನಲ್ಲಿ ನಿಂತುಕೊಂಡೂ ದಂಡೆ ಕಟ್ಟುತ್ತಿದ್ದವಳು ಅವಳು. ಡಾಕ್ಟರು ಹತ್ತಿರ ಬಂದು ಸುಮ್ಮನೆ ನೋಡುತ್ತಿದ್ದರು. ನಂತರ ತಮಗೆ ತಾವೇ ಹೇಳಿಕೊಂಡಂತೆ, "ಗಮನ ನಿಲ್ಲವಲ್ದು. ಇದು ಡೆಲಿರಿಯಂ, ಸಿಸ್ಟರ್" ಎಂದರು.

ನಮ್ಮ ಅಜ್ಜಿಯ ಕಾಲದಲ್ಲಿ ಅದಕ್ಕೆ ಸನ್ನಿ ಎನ್ನುತ್ತಿದ್ದರು. ಜ್ವರ ತಲೆಗೇರಿ ಬಡಬಡಿಸುವುದು, ಎದ್ದು ಓಡುವುದು, ಅದು ಸನ್ನಿ ಎಂದೇ ನಾನೂ ತಿಳಿದಿದ್ದೆ. ಬಾಯಿ ಮುಚ್ಚಿಸಿ, ಕೈಮುಗಿಸಿ, ಮಂಚದ ಮೇಲೆ ಮಲಗಿಸಿಬಿಡುವ ಮೂಕ ಸನ್ನಿಯೂ ಉಂಟು, ಮುದುಕರಲ್ಲಿ ಅದೇ ಕಣ್ಣು ತಪ್ಪಿಸಿ ಹೋಗುವುದು ಹೆಚ್ಚು ಎಂದು ಆ ಎಳೆಯ ಡಾಕ್ಟರು ನನಗೆ ಹೇಳಿದರು. ಅರಳು ಮರಳು ವರ್ಷಗಟ್ಟಲೆ ಮೆಲ್ಲಗೆ ಬರುತ್ತದೆ. ಇದು ಒಂದೆರಡು ದಿನದಲ್ಲಿ ಬರುತ್ತದೆ, ಗಳಿಗೆಗೊಮ್ಮೆ ಹೋಗಿ ಬಂದು ಮಾಡುತ್ತದೆ. ಬಂತೆಂದರೆ ಮೈಯಲ್ಲಿ ಎಲ್ಲೋ ಏನೋ ಕೆಟ್ಟಿದೆ ಎಂದರ್ಥ. ಅದನ್ನು ಹುಡುಕದೆ ಮನೆಗೆ ಕಳಿಸಿದರೆ ಮುದುಕಿ ವಾಪಸು ಬರುವುದಿಲ್ಲ. ಪಾಠ ಹೇಳುವ ಸರದಿ ಅವರದಾಯಿತು. ನಾನು ಕೈಕಟ್ಟಿ ಕೇಳಿದೆ.

ಏನು ಕೆಟ್ಟಿದೆ? ಅದನ್ನು ಹುಡುಕಲೂ ಸೊಸೆಯೇ ಬೇಕಾಯಿತು. "ಹದಿನೈದು ದಿವ್ಸದಿಂದ ಈಚೆ ಮನೆಯಲ್ಲಿ ಹೊಸದು ಎಂತಾ ಆಗದೆ?" ಎಂದು ಕೇಳಿದೆ. ಮಗ "ಎಂತಾ ಇಲ್ಲ" ಎಂದ. ಗಂಡಸರಿಗೆ ಮನೆಯಲ್ಲಿ ಹೊಸದು ಎಂದರೆ ಟಿವಿ.

ಸೊಸೆ ಚೀಲ ಬಿಚ್ಚಿ ಒಂದು ಮಾತ್ರೆಯ ಪಟ್ಟಿ ತೆಗೆದಳು. ಎರಡು ವಾರದ ಕೆಳಗೆ ಕಾಲೊನಿಯಲ್ಲಿ ಒಂದು ತಪಾಸಣೆ ಶಿಬಿರ ನಡೆದಿತ್ತು. ಬಿಪಿ ಸ್ವಲ್ಪ ಜಾಸ್ತಿ ಇದೆ, ಉಪ್ಪು ಕಡಿಮೆ ಮಾಡಿ, ದಿನಕ್ಕೆ ಒಂದು ಈ ಮಾತ್ರೆ ತಗೊಳ್ಳಿ ಎಂದಿದ್ದರಂತೆ. ಮೂತ್ರ ಹೆಚ್ಚು ಹೋಗಿಸುವ ಸಾಧಾರಣ ಬಿಪಿ ಮಾತ್ರೆ. ಎಲ್ಲ ಮುದುಕಿಯರಿಗೂ ಹೇಳುವ ಮಾತು ಅದು, ಎಲ್ಲ ಮುದುಕಿಯರೂ ಮರೆಯುವ ಮಾತು. ಆದರೆ ನಮ್ಮ ಮುದುಕಿಗೆ ಯಾವುದನ್ನೂ ಅರ್ಧ ಮಾಡಿ ಗೊತ್ತಿಲ್ಲ. ಕಡಿಮೆ ಎಂದದ್ದನ್ನು ಬಂದ್ ಎಂದು ಮಾಡಿಕೊಂಡಳು. ಗಂಜಿಗೆ ಉಪ್ಪಿಲ್ಲ. ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೆ ಹಾಕಿಸಿದಳು. ಒಣಮೀನನ್ನು ಮೂರು ನೀರಿನಲ್ಲಿ ತೊಳೆದು, ನಾಲ್ಕನೆಯ ನೀರನ್ನು ನಾಲಗೆಗೆ ಹಚ್ಚಿ ನೋಡಿ, ಇನ್ನೂ ಉಪ್ಪದೆ ಎಂದು ಸೊಸೆಗೆ ಬೈದಳು. ಬಿಸಿಲಿಗೆ ತಂಬಿಗೆಗಟ್ಟಲೆ ನೀರು ಕುಡಿದಳು.

"ಮತ್ತೆ ಮಾತ್ರೆ?" ಎಂದರು ಡಾಕ್ಟರು.

ಸೊಸೆ ಪಟ್ಟಿಯ ಖಾಲಿ ಗೂಡುಗಳನ್ನು ತೋರಿಸಿದಳು. "ಒಂದು ಅಂದಿದ್ರು. ಇವ್ರು ಎರಡು ತಕ್ಕಂತಿದ್ರು. ಒಂದಕ್ಕೇ ಗುಣ ಆದ್ರೆ ಎರಡಕ್ಕೆ ಬೇಗ ಆಗ್ತದಲ್ಲ ಅಂತ. ಬೇಡ ಅಂದಿದ್ದಕ್ಕೆ ನಾ ಅವ್ರ ಸಾವು ಕಾಯ್ತಿದ್ದೆ ಅಂತ ಅಂದ್ರು."

ಡಾಕ್ಟರು ಸ್ಟ್ಯಾಂಡಿನ ಬಾಟ್ಲಿಯ ಕಡೆ ನೋಡಿ, "ಸಿಸ್ಟರ್, ಅದನ್ನ ಮೊದ್ಲ ಇಳಸ್ರಿ" ಎಂದರು. ಉಪ್ಪು ಬತ್ತಿದ ಮೈಗೆ ಬರೀ ಗ್ಲೂಕೋಸು ನೀರು ಏರಿಸಿದ್ದರೆ ಇರುವ ಉಪ್ಪೂ ತೆಳ್ಳಗಾಗಿ ಮುದುಕಿಗೆ ಫಿಟ್ಸ್ ಬರುತ್ತಿತ್ತು, ಇನ್ನೂ ಏನಾಗುತ್ತಿತ್ತೋ. ಸೂಜಿ ಚುಚ್ಚಲು ನನಗೆ ಬೇಕಾಗಿದ್ದದ್ದು ಅರ್ಧ ನಿಮಿಷ. ಆ ಅರ್ಧ ನಿಮಿಷವನ್ನು ಸೊಸೆ ತಡೆದು ಹಿಡಿದಿದ್ದಳು.

ರಕ್ತ ಕಳಿಸಿದೆವು. ಮಧ್ಯಾಹ್ನದ ಹೊತ್ತಿಗೆ ಲ್ಯಾಬಿನ ಹುಡುಗಿ ಚೀಟಿ ತಂದಳು. ಸೋಡಿಯಂ, ಅಂದರೆ ರಕ್ತದ ಉಪ್ಪು, ಪಾತಾಳಕ್ಕಿಳಿದಿತ್ತು. ಉಪ್ಪಿನ ಆಗರಗಳ ಪಕ್ಕದಲ್ಲಿ ಹುಟ್ಟಿ ಬೆಳೆದ ಹೆಂಗಸಿಗೆ ಉಪ್ಪಿಲ್ಲದೆ ಸನ್ನಿ! ದೊಡ್ಡ ಡಾಕ್ಟರು ಬಂದು ನೋಡಿ, ಎಳೆಯ ಡಾಕ್ಟರ ಬೆನ್ನು ತಟ್ಟಿದರು. ಅವರು ನನ್ನನ್ನು ತೋರಿಸಿದರು. ನಾನು ಸೊಸೆಯನ್ನು ತೋರಿಸಿದೆ. ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮಾವಶಿಯ ಹಿಂದೆ ಸರಿದಳು. ಮಾವಶಿಯೋ, ತನ್ನ ಅರ್ಧ ದಂಡೆ ಹೋದದ್ದರ ಮಾತನ್ನು ಸಂಜೆಯವರೆಗೂ ಬಿಡಲಿಲ್ಲ.

ಉಪ್ಪನ್ನು ಅವಸರದಲ್ಲಿ ಏರಿಸುವ ಹಾಗಿಲ್ಲ. ಒಮ್ಮೆಲೇ ಏರಿದರೆ ಮಿದುಳಿಗೆ ಪೆಟ್ಟು. ಮಾತ್ರೆ ನಿಲ್ಲಿಸಿ, ನೀರು ಅಳೆದು ಕೊಟ್ಟು, ಉಪ್ಪಿನ ಸಲೈನನ್ನು ಹನಿ ಹನಿಯಾಗಿ ಬಿಟ್ಟು, ಮತ್ತೆ ಮತ್ತೆ ರಕ್ತ ನೋಡುತ್ತ ಕೂರಬೇಕು. ಕಾರ್ಡಿನ ಮೇಲೆ ಔಷಧಗಳನ್ನು ಬರೆದ ಮೇಲೆ ದೊಡ್ಡ ಡಾಕ್ಟರು ಇನ್ನೂ ಒಂದು ಸಾಲು ಬರೆದರು: ಸೊಸೆ ಹತ್ತಿರ ಇರಲಿ, ಕಿಟಕಿ ತೆರೆದಿರಲಿ, ಕನ್ನಡಕ ಕೊಡಿ. ಮುದುಕಿಯ ಕನ್ನಡಕವನ್ನು ಮಗ ಮನೆಯಲ್ಲೇ ಬಿಟ್ಟು ಬಂದಿದ್ದ. ಟೆಂಪೋ ಹಿಡಿದು ಹೋಗಿ ತಂದ.

ಆ ಎರಡು ದಿನ ನಾನು ಬಸ್ಸಿಳಿದವಳೇ ಕ್ಯಾಶುವಾಲ್ಟಿಗೆ ಹೋಗುವ ಮೊದಲು ವಾರ್ಡಿಗೆ ಹೋಗಿ ಬಾಗಿಲಲ್ಲಿ ಇಣುಕುತ್ತಿದ್ದೆ. "ಬೈದ್ರಾ?" ಎಂದು ಸನ್ನೆಯಲ್ಲೇ ಕೇಳುತ್ತಿದ್ದೆ. ಸೊಸೆ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಎರಡನೆಯ ದಿನ ಮಧ್ಯಾಹ್ನ ಮುದುಕಿ ಸೊಸೆಯ ಹೆಸರು ಹಿಡಿದು ಕರೆದಳಂತೆ, ಆದರೆ "ಬಾ ಮಗಾ" ಎಂದಳಂತೆ. "ಮಗಾ ಅಂದ್ರು ಸಿಸ್ಟರ್, ಇನ್ನೂ ಸರಿ ಆಗಲಿಲ್ಲ" ಎಂದು ಸೊಸೆ ಸಣ್ಣ ಮುಖ ಮಾಡಿದಳು. ಇಡೀ ವಾರ್ಡು ಒಂದು ಬೈಗುಳಕ್ಕಾಗಿ ಕಾಯುತ್ತಿತ್ತು. ಪಕ್ಕದ ಮಂಚದ ಹೆರಿಗೆಯಾದ ಹೆಂಗಸು ಕೂಡ ಕಿವಿ ಆನಿಸಿಕೊಂಡಿದ್ದಳು.

ಮೂರನೆಯ ಬೆಳಿಗ್ಗೆ ನಾನು ಮೆಟ್ಟಿಲು ಹತ್ತುತ್ತಿರುವಾಗಲೇ ದನಿ ಕೇಳಿತು.

"ಇದು ಗಂಜಿಯಾ? ಇದು ಗಂಜಿಯಾ ಕೇಳ್ತೆ! ಅಕ್ಕಿ ಒಂದು ಬದಿಗೆ ಕೂತದೆ, ನೀರು ಒಂದು ಬದಿಗೆ ಕೂತದೆ, ಇಬ್ರೂ ಜಗಳ ಮಾಡ್ಕಂಡಂಗೆ! ನಿನ್ನ ಅವ್ವಿ ನಿಂಗೆ ಎಂತಾ ಕಲಿಸಿ ಕಳ್ಸಿದ್ಲು?"

ನಾನು ಓಡಿದೆ. ನರ್ಸುಗಳು ಓಡಬಾರದು, ರೋಗಿಗಳು ಹೆದರುತ್ತಾರೆ ಎಂದು ನಾನೇ ಕಿರಿಯರಿಗೆ ಹೇಳುತ್ತಿದ್ದವಳು. ಮುದುಕಿ ಕನ್ನಡಕ ಹಾಕಿಕೊಂಡು ದಿಂಬಿಗೊರಗಿ ಕೂತಿದ್ದಳು. ಸೊಸೆ ಗಂಜಿಯ ಬಟ್ಟಲು ಹಿಡಿದು, ಕಣ್ಣಿನಲ್ಲಿ ದಳದಳ ನೀರು, ಬಾಯಿ ತುಂಬ ನಗು. ಆ ಬಾಣಂತಿ ಹೊದಿಕೆಯೊಳಗೆ ನಗುತ್ತಿದ್ದಳು. ಹಿಂದಿನಿಂದ ಎಳೆಯ ಡಾಕ್ಟರು ಬಂದು, "ಅಜ್ಜಿ, ಈಗ ಎಲ್ಲಿ ಅದೀರಿ?" ಎಂದು ಕೇಳಿದರು.

"ನಿಂಗೆ ಗೊತ್ತಿಲ್ಲವಾ ಎಲ್ಲಿ ಅಂತ? ನಿಂದೇ ಆಸ್ಪತ್ರೆ ಅಲ್ಲವಾ?" ಎಂದಳು ಮುದುಕಿ. "ಗೊತ್ತಿಲ್ದಿದ್ರೆ ಹೊರಗೆ ಬೋರ್ಡ್ ಅದೆ, ಓದ್ಕಂಡು ಬಾ."

ಡಾಕ್ಟರು ಕಾರ್ಡಿನ ಮೇಲೆ ಬರೆದರು: ಪೂರ್ಣ ಎಚ್ಚರ. ಅವರ ಕಿವಿ ಕೆಂಪಾಗಿತ್ತು, ಮುಖದಲ್ಲಿ ಹಬ್ಬವಿತ್ತು. ನನಗಂತೂ ಆ ಬೆಳಿಗ್ಗೆ ಕುಣಿಯಬೇಕೆನಿಸಿತು. ಕೆಲಸದಲ್ಲಿ ಅಂಥ ಸಂತೋಷ ನನಗೆ ಮತ್ತೆ ಸಿಕ್ಕಿದ್ದು ಕೆಲವೇ ಸಲ.

ಮನೆಗೆ ಹೋಗುವ ದಿನ ಮಗ ಆಟೋ ತರಲು ಹೋಗಿದ್ದ. ಸೊಸೆ ಚಾದರ, ತಟ್ಟೆ, ಲೋಟ ಚೀಲಕ್ಕೆ ತುಂಬುತ್ತಿದ್ದಳು. ನಾನು ಮುದುಕಿಯ ಕೈಯಿಂದ ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದು ಕೂತಿದ್ದೆ. ಒಂದು ಮಾತು ಹೇಳದೆ ಇರಲಾಗಲಿಲ್ಲ. "ಅಜ್ಜಿ, ತಪ್ಪಾಯ್ತು. ನೀವು ಹಳೇ ಮನೆ ನೆನಪು ಮಾಡ್ಕಂಡು ಸಮಾಧಾನದಲ್ಲಿ ಅದೀರಿ ಅಂತ ನಾ ತಿಳ್ದೆ" ಎಂದೆ.

"ಸಮಾಧಾನ!" ಎಂದಳು. "ಅರ್ಧಂಬರ್ಧ ನೆನಪದೆ ತಂಗೀ. ಯಾವುದೋ ಪರ ಊರಲ್ಲಿ ಬಸ್ಸು ತಪ್ಪಿಸ್ಕಂಡು ನಿಂತಂಗೆ ಇತ್ತು. ಒಬ್ರ ಗುರ್ತ ಇಲ್ಲ. ಎಲ್ರೂ ನನ್ನ ನೋಡಿ ನಗ್ತಿದ್ರು. ಹೆದ್ರಿಕೆ ಆಗಿ ಸಿಕ್ಕಿದವ್ರಿಗೆಲ್ಲ ಕೈಮುಗಿದೆ. ಗುರ್ತ ಇಲ್ದವ್ರಿಗೆ ಬೈಯೂಕಾಗ್ತದಾ?"

ಆ ಕೈಮುಗಿಯುವುದನ್ನು ನಾನು ಒಳ್ಳೆಯತನ ಎಂದುಕೊಂಡಿದ್ದೆ. ಹೊರಗೆ ಆಟೋದ ಹಾರ್ನು ಕೇಳಿಸಿತು. ಮುದುಕಿ ನನ್ನ ಕೈ ಹಿಡಿದು ಹತ್ತಿರಕ್ಕೆ ಎಳೆದಳು. ಗುಟ್ಟು ಹೇಳುವವಳಂತೆ ಎಳೆದಳೇ ಹೊರತು, ದನಿ ಮಾತ್ರ ಸಂತೆಯದು. ವಾರ್ಡಿನ ಕೊನೆಯ ಮಂಚಕ್ಕೂ ಕೇಳಿಸುವಂತಿತ್ತು.

"ಇನ್ನೊಂದ್ಸಲ ನಂಗೆ ಹೀಂಗೇ ಆಗಿ ಇಲ್ಲಿಗೆ ಬಂದ್ರೆ, ನನ್ನ ಮಗನ ಕೇಳ್ಬೇಡ. ಅವ ಅಳ್ತಾ ನಿಲ್ತಾನೆ. ಇವಳ ಕೇಳು. ನಾ ಯಾರು ಅಂತ ನಂಗೆ ಮರ್ತೋದ್ರೂ ಇವಳಿಗೆ ಗೊತ್ತಿರ್ತದೆ."

"ಆಟೋ ಬಂತು ಅತ್ತೆ" ಎಂದಳು ಸೊಸೆ, ನಮ್ಮ ಕಡೆ ತಿರುಗದೆ. ಹಾಗೆನ್ನುತ್ತಲೇ ಮಡಚಿ ಚೀಲಕ್ಕೆ ಹಾಕಿದ್ದ ಚಾದರವನ್ನು ಹೊರಗೆ ತೆಗೆದು, ಬಿಡಿಸಿ, ಮತ್ತೆ ಮೊದಲಿಂದ ಮಡಚತೊಡಗಿದಳು.